ದಿಂಬಿನ ಪಕ್ಕದ ಹನಿ ಬಾಟಲಿ ಮತ್ತು ಕಟ್ಟಿದ ಮೂಗು

ಪ್ರಶ್ನೆ: ಡಾಕ್ಟ್ರೇ, ನನಗೆ 32 ವರ್ಷ. ಹಾಸನದಲ್ಲಿದ್ದೇವೆ. ದೀಪಾವಳಿ ಹೊತ್ತಿಗೆ ನೆಗಡಿ ಬಂತು. ನೆಗಡಿ ಒಂದು ವಾರಕ್ಕೆ ಹೋಯಿತು, ಮೂಗು ಕಟ್ಟೋದು ಮಾತ್ರ ನಿಂತಿಲ್ಲ. ಹಗಲು ಹೇಗೋ ಕಳೆಯುತ್ತೆ, ರಾತ್ರಿ ಮಲಗಿದ ತಕ್ಷಣ ಕಟ್ಟುತ್ತೆ. ಎಷ್ಟು ಸೀಟಿದರೂ ಏನೂ ಬರಲ್ಲ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮೂಗಿನ ಹನಿ ಹಾಕಿದರೆ ಐದು ನಿಮಿಷದಲ್ಲಿ ಬಿಡುತ್ತೆ. ಎರಡು ತಿಂಗಳಿಂದ ಬಾಟಲಿ ದಿಂಬಿನ ಪಕ್ಕದಲ್ಲೇ ಇದೆ. ಈಗ ರಾತ್ರಿಗೆ ಎರಡು ಮೂರು ಸಲ ಬೇಕಾಗುತ್ತೆ. ಮೂರು ವರ್ಷದ ಮಗನಿಗೂ ನಾಲ್ಕು ದಿನದಿಂದ ನೆಗಡಿ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಎದೆಗೆ, ಮೂಗಿಗೆ ಹಚ್ಚು, ಬೆಡ್‌ಶೀಟ್ ಹೊದಿಸಿ ಹಬೆ ಕೊಡು ಅಂತ ನಮ್ಮತ್ತೆ ಹೇಳ್ತಾರೆ. ಸೊಳ್ಳೆ ಕಾಟ ಇರೋದರಿಂದ ಬತ್ತಿ ಹಚ್ಚಿ, ಕಿಟಕಿ ಹಾಕಿ ಮಲಗುತ್ತೇವೆ, ಮಗುವಿಗೆ ಗಾಳಿ ತಾಗಲ್ಲ ಅಂತ. ವಿಡಿಯೋ ನೋಡಿ ನೇತಿ ಪಾತ್ರೆ ತರಿಸಿದ್ದೇನೆ, ಆದರೆ ಮೂಗಿಗೆ ನೀರು ಬಿಡೋಕೆ ಹೆದರಿಕೆ. ಮನೆಯಲ್ಲೇ ಏನು ಮಾಡಬಹುದು?

ಉತ್ತರ: ಎಷ್ಟು ಸೀಟಿದರೂ ಏನೂ ಬರಲ್ಲ ಅಂತ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು ಆ ಮಾತೇ. ಮೂಗು ಕಟ್ಟಿದಾಗ ಒಳಗೆ ಸಿಂಬಳ ಗಟ್ಟಿಯಾಗಿ ಕೂತಿದೆ, ಅದನ್ನು ಹೊರಗೆ ತೆಗೆದರೆ ಸರಿಹೋಗುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನೆಗಡಿಯ ಮೊದಲ ದಿನಗಳಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜ. ನಿಮಗೆ ಈಗ ಆಗಿರುವುದು ಬೇರೆ. ಮೂಗಿನ ಒಳಗಿನ ಮಾಂಸ ಊದಿಕೊಂಡು ದಾರಿ ಕಿರಿದಾಗಿದೆ.

ಮೂಗಿನ ಎರಡೂ ಹೊಳ್ಳೆಗಳ ಒಳಗೆ, ಹೊರಗೋಡೆಗೆ ಅಂಟಿಕೊಂಡು ಮೂರು ಮೂರು ದಿಂಡುಗಳಿವೆ. ಟರ್ಬಿನೇಟ್ ಅನ್ನುತ್ತೇವೆ. ಕೆಳಗಿನದು ಎಲ್ಲಕ್ಕಿಂತ ದೊಡ್ಡದು, ಹೆಚ್ಚುಕಡಿಮೆ ನಮ್ಮ ಕಿರುಬೆರಳಿನಷ್ಟು. ಅದರೊಳಗೆ ರಕ್ತನಾಳಗಳು ಸ್ಪಂಜಿನ ಹಾಗೆ ಹೆಣೆದುಕೊಂಡಿವೆ. ಹೊರಗಿನ ತಣ್ಣನೆ ಗಾಳಿಯನ್ನು ಬೆಚ್ಚಗೆ ಮಾಡಿ, ಒದ್ದೆ ಮಾಡಿ ಎದೆಗೆ ಕಳಿಸುವುದು ಇವುಗಳ ಕೆಲಸ. ಆ ಸ್ಪಂಜಿನಲ್ಲಿ ರಕ್ತ ತುಂಬಿಕೊಂಡರೆ ದಿಂಡು ದಪ್ಪಗಾಗುತ್ತದೆ, ಉಸಿರಿನ ದಾರಿ ಮುಚ್ಚುತ್ತದೆ. ಎಷ್ಟು ಜೋರಾಗಿ ಸೀಟಿದರೂ ಅದು ಹೊರಗೆ ಬರುವ ವಸ್ತು ಅಲ್ಲ. ಸೀಟಿದಷ್ಟೂ ಕಿವಿಗೆ ಒತ್ತಡ ಬೀಳುತ್ತದೆ, ಮೂಗಿನ ಒಳಚರ್ಮ ಕೆರಳಿ ಇನ್ನಷ್ಟು ಊದಿಕೊಳ್ಳುತ್ತದೆ.

ರಾತ್ರಿ ಯಾಕೆ ಜಾಸ್ತಿ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಮಲಗಿದಾಗ ತಲೆಯ ಕಡೆಯಿಂದ ರಕ್ತ ಕೆಳಗಿಳಿಯುವುದು ನಿಧಾನ ಆಗುತ್ತದೆ, ದಿಂಡುಗಳು ತುಂಬಿಕೊಳ್ಳುತ್ತವೆ. ಎಡಮಗ್ಗುಲಿಗೆ ಮಲಗಿದರೆ ಎಡ ಹೊಳ್ಳೆ, ಬಲಕ್ಕೆ ತಿರುಗಿದರೆ ಬಲ ಹೊಳ್ಳೆ ಕಟ್ಟುವುದನ್ನು ನೀವೇ ಗಮನಿಸಿರಬಹುದು. ಇದರ ಜೊತೆಗೆ ಇನ್ನೊಂದು ವಿಷಯ ಇದೆ. ಆರೋಗ್ಯವಂತರ ಮೂಗಿನಲ್ಲೂ ಎರಡು ಹೊಳ್ಳೆಗಳು ಸರದಿ ಪ್ರಕಾರ ಕೆಲಸ ಮಾಡುತ್ತವೆ. ಕೆಲವು ಗಂಟೆಗಳ ಕಾಲ ಒಂದು ಹೊಳ್ಳೆ ತೆರೆದಿರುತ್ತದೆ, ಇನ್ನೊಂದು ಅರ್ಧ ಮುಚ್ಚಿರುತ್ತದೆ. ಆಮೇಲೆ ಅದಲು ಬದಲು. ಯೋಗ ಕಲಿತವರು ಸ್ವರ ಬದಲಾಯಿತು ಅನ್ನುವುದು ಇದನ್ನೇ. ರಿಚರ್ಡ್ ಕೈಸರ್ ಎಂಬ ಜರ್ಮನ್ ವೈದ್ಯರು 1895ರಲ್ಲಿ ಇದನ್ನು ವಿವರಿಸಿದ್ದರು. ಹಾಗಾಗಿ ಒಂದೊಂದು ಹೊತ್ತಿನಲ್ಲಿ ಒಂದು ಕಡೆ ಮಾತ್ರ ಕಟ್ಟಿದ ಹಾಗೆ ಅನಿಸಿ, ಆಮೇಲೆ ಆ ಕಡೆಯೂ ತಾನಾಗಿ ಬಿಡುತ್ತಿದ್ದರೆ ಗಾಬರಿ ಬೇಡ. ಅದಕ್ಕೆ ಔಷಧಿಯೂ ಬೇಡ.

ಈಗ ಆ ಬಾಟಲಿಯ ವಿಷಯಕ್ಕೆ ಬರೋಣ. ಲೇಬಲ್ ಓದಿ ನೋಡಿ. ಆಕ್ಸಿಮೆಟಜೋಲಿನ್ ಅಥವಾ ಕ್ಸೈಲೋಮೆಟಜೋಲಿನ್ ಅಂತ ಇರುತ್ತದೆ. ಇವು ಸ್ಪಂಜಿನ ರಕ್ತನಾಳಗಳನ್ನು ಹಿಡಿದು ಬಿಗಿ ಮಾಡುತ್ತವೆ. ದಿಂಡು ಸೊರಗುತ್ತದೆ, ಉಸಿರು ಸಲೀಸಾಗುತ್ತದೆ. ಔಷಧಿ ಕೆಟ್ಟದ್ದಲ್ಲ. ಜೋರು ನೆಗಡಿಯಲ್ಲಿ ಎರಡು ಮೂರು ರಾತ್ರಿ ನಿದ್ದೆ ಬರಲಿ ಅಂತ ದೊಡ್ಡವರಿಗೆ ನಾನೂ ಬರೆದು ಕೊಡುತ್ತೇನೆ. ತೊಂದರೆ ಶುರುವಾಗುವುದು ಐದು ದಿನ ದಾಟಿದ ಮೇಲೆ. ಔಷಧಿಯ ಶಕ್ತಿ ಇಳಿದಾಗ ರಕ್ತನಾಳಗಳು ಮೊದಲಿಗಿಂತ ಜಾಸ್ತಿ ಹಿಗ್ಗುತ್ತವೆ. ಮೂಗು ಮತ್ತೆ ಕಟ್ಟುತ್ತದೆ, ಮತ್ತೆ ಹನಿ ಹಾಕುತ್ತೀರಿ. ಮೊದಲು ಹತ್ತು ಹನ್ನೆರಡು ಗಂಟೆ ಕೆಲಸ ಮಾಡುತ್ತಿದ್ದ ಹನಿ ಆಮೇಲೆ ಮೂರು ನಾಲ್ಕು ಗಂಟೆಗೆ ಇಳಿಯುತ್ತದೆ. ನಿಮಗೆ ರಾತ್ರಿಗೆ ಎರಡು ಮೂರು ಸಲ ಬೇಕಾಗುತ್ತಿದೆ ಅಲ್ವಾ? ನೆಗಡಿ ನವೆಂಬರಿನಲ್ಲೇ ಹೋಗಿದೆ. ಈಗ ಮೂಗನ್ನು ಕಟ್ಟಿಸುತ್ತಿರುವುದು ಬಹುಪಾಲು ಆ ಹನಿಯೇ.

ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಈ ಬಾಟಲಿಯನ್ನು ಕೊಡುವಾಗ ಎಷ್ಟು ದಿನ ಹಾಕಬೇಕು ಅಂತ ಬಾಯಿಬಿಟ್ಟು ಹೇಳುವವರು ಕಡಿಮೆ. ಎರಡು ತಿಂಗಳು ದೊಡ್ಡ ಅವಧಿಯೂ ಅಲ್ಲ. ನಾಲ್ಕೈದು ವರ್ಷದಿಂದ ಹಾಕಿಕೊಳ್ಳುತ್ತಾ, ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಎರಡು ಬಾಟಲಿ ಇಟ್ಟುಕೊಳ್ಳುತ್ತಿದ್ದವರನ್ನೂ ನಾನು ಬಿಡಿಸಿದ್ದೇನೆ.

ಬಿಡುವ ದಾರಿ ಹೀಗಿದೆ. ಇವತ್ತಿನಿಂದ ಒಂದೇ ಹೊಳ್ಳೆಗೆ ಹನಿ ಹಾಕಿ, ಅದೂ ರಾತ್ರಿ ಮಲಗುವಾಗ ಮಾತ್ರ. ಇನ್ನೊಂದು ಹೊಳ್ಳೆಗೆ ಪೂರ್ತಿ ನಿಲ್ಲಿಸಿ. ನಿಲ್ಲಿಸಿದ ಕಡೆ ಮೂರು ನಾಲ್ಕು ದಿನ ಚೆನ್ನಾಗಿಯೇ ಕಟ್ಟುತ್ತದೆ. ತಡೆದುಕೊಳ್ಳಿ, ಇನ್ನೊಂದು ಕಡೆಯಿಂದ ಉಸಿರಾಡಬಹುದು. ಒಂದು ವಾರದ ಹೊತ್ತಿಗೆ ಆ ಹೊಳ್ಳೆ ತನ್ನಷ್ಟಕ್ಕೆ ತೆರೆದುಕೊಳ್ಳಲು ಶುರುವಾಗುತ್ತದೆ. ಆಗ ಎರಡನೆಯದಕ್ಕೂ ನಿಲ್ಲಿಸಿ. ಬಹಳಷ್ಟು ಜನರಿಗೆ ಎರಡು ಮೂರು ವಾರದಲ್ಲಿ ಹತೋಟಿಗೆ ಬರುತ್ತದೆ.

ಈ ವಾರಗಳನ್ನು ದಾಟಲು ಸ್ಟೀರಾಯ್ಡ್ ಸ್ಪ್ರೇ ತುಂಬಾ ಸಹಾಯ ಮಾಡುತ್ತದೆ. ಮೊಮೆಟಾಸೋನ್, ಫ್ಲುಟಿಕಾಸೋನ್ ಅಂತ ಹೆಸರು. ಇದನ್ನು ನೀವೇ ಅಂಗಡಿಯಲ್ಲಿ ಕೇಳಿ ತರಬೇಡಿ, ಹತ್ತಿರದ ಕಿವಿ ಮೂಗು ಗಂಟಲು ವೈದ್ಯರಿಗೆ ಮೂಗು ತೋರಿಸಿ ಬರೆಸಿಕೊಳ್ಳಿ. ಸ್ಟೀರಾಯ್ಡ್ ಅಂದ ತಕ್ಷಣ ಹೆದರುತ್ತಾರೆ. ಸ್ಪ್ರೇಯಲ್ಲಿ ಇರುವುದು ಬಹಳ ಸಣ್ಣ ಪ್ರಮಾಣ, ಕೆಲಸವೂ ಮೂಗಿನ ಒಳಗೇ. ಆದರೆ ಅದು ಹನಿಯ ಹಾಗೆ ಐದು ನಿಮಿಷದಲ್ಲಿ ಬಿಡಿಸುವುದಿಲ್ಲ. ದಿನಾ ತಪ್ಪದೆ ಹಾಕಿದರೆ ಒಂದರಿಂದ ಎರಡು ವಾರದಲ್ಲಿ ಪೂರ್ತಿ ಗುಣ ಕಾಣುತ್ತದೆ. ಎರಡು ದಿನ ಹಾಕಿ ಏನೂ ಆಗಲಿಲ್ಲ ಅಂತ ಮೂಲೆಗಿಟ್ಟ ಸ್ಪ್ರೇಗಳನ್ನು ಎಷ್ಟು ನೋಡಿದ್ದೇನೋ! ಹಾಕುವಾಗ ತಲೆ ಸ್ವಲ್ಪ ಬಗ್ಗಿಸಿ, ಕಾಲ್ಬೆರಳು ನೋಡುವ ಹಾಗೆ. ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ ಹಾಕಿ. ಆಗ ತುದಿ ತಾನಾಗಿ ಹೊರಗಡೆಗೆ, ಕಿವಿಯ ದಿಕ್ಕಿಗೆ ತಿರುಗುತ್ತದೆ. ಮೂಗಿನ ನಡುವಿನ ಗೋಡೆಗೆ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಹಾಕಿದ ಮೇಲೆ ಜೋರಾಗಿ ಎಳೆದುಕೊಳ್ಳಬೇಡಿ, ಔಷಧಿ ಗಂಟಲಿಗೆ ಇಳಿದುಹೋಗುತ್ತದೆ.

ಇನ್ನು ನೇತಿ ಪಾತ್ರೆ. ತರಿಸಿದ್ದು ಒಳ್ಳೆಯದಾಯಿತು. ಮನೆಯಲ್ಲಿ ಮಾಡಬಹುದಾದದ್ದರಲ್ಲಿ ನಾನು ಮನಸಾರೆ ಮೊದಲ ಸ್ಥಾನ ಕೊಡುವುದು ಉಪ್ಪುನೀರಿಗೆ. ಒಳಗಿನ ಸಿಂಬಳ, ಧೂಳು, ಪರಾಗ ಎಲ್ಲವನ್ನೂ ತೊಳೆಯುತ್ತದೆ. ಒಳಚರ್ಮ ಒದ್ದೆಯಾಗಿ ಸಮಾಧಾನ ಆಗುತ್ತದೆ. ಚಟ ಹತ್ತಿಸುವುದಿಲ್ಲ. ಸರಿಯಾಗಿ ಮಾಡಿದರೆ ಉರಿಯುವುದೂ ಇಲ್ಲ. ಉರಿ ಬರುವುದು ಉಪ್ಪಿನ ಅಳತೆ ತಪ್ಪಿದಾಗ. ಸಪ್ಪೆ ನೀರು ಹಾಕಿದರೆ ನೆತ್ತಿಗೆ ಹತ್ತಿದ ಹಾಗೆ ಚುರ್ ಅನ್ನುತ್ತದೆ. ಕೆರೆಯಲ್ಲಿ ಈಜು ಕಲಿತವರಿಗೆ ಆ ನೋವು ಗೊತ್ತು.

ಅಳತೆ ಹೇಳುತ್ತೇನೆ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಟೀ ಚಮಚದಲ್ಲಿ ಮಟ್ಟವಾಗಿ ಒಂದೂವರೆ. ಒಂದು ಹೊತ್ತಿಗೆ ಕಾಲು ಲೀಟರ್ ಸಾಕು, ಅದಕ್ಕೆ ಮಟ್ಟವಾದ ಅರ್ಧ ಟೀ ಚಮಚಕ್ಕಿಂತ ಒಂದು ಚೂರು ಕಡಿಮೆ. ಚಮಚದ ಮೇಲೆ ಗೋಪುರ ಬಾರದ ಹಾಗೆ ಬೆರಳಿನಿಂದ ಸವರಿ ತೆಗೆಯಿರಿ. ಕಲ್ಲುಪ್ಪು ಬೇಡ, ಅದರಲ್ಲಿ ಮಣ್ಣು ಕಸ ಇರುತ್ತದೆ. ಪುಡಿ ಉಪ್ಪು ಹಾಕಿ. ಚೂರು ಉರಿ ಅನಿಸಿದರೆ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿ, ಹಿತವಾಗುತ್ತದೆ. ಅಳೆಯುವ ಗೋಜೇ ಬೇಡ ಅಂದರೆ ಮೆಡಿಕಲ್ ಶಾಪಿನಲ್ಲಿ ಸಣ್ಣ ಪೊಟ್ಟಣ ಸಿಗುತ್ತದೆ, ಅದರ ಮೇಲೆ ಬರೆದಷ್ಟು ನೀರಿಗೆ ಹಾಕಿದರಾಯಿತು.

ನೀರಿನ ಮಾತನ್ನು ದಯವಿಟ್ಟು ಸರಿಯಾಗಿ ಓದಿ. ನಲ್ಲಿ ನೀರು, ಬೋರ್‌ವೆಲ್ ನೀರು, ಟ್ಯಾಂಕಿನ ನೀರು ಯಾವುದನ್ನೂ ನೇರವಾಗಿ ಮೂಗಿಗೆ ಬಿಡಬಾರದು. ಫಿಲ್ಟರಿನ ನೀರನ್ನೂ ಅಷ್ಟೇ. ಚೆನ್ನಾಗಿ ಮಳ್ಳಿ ಕುದಿಯಬೇಕು. ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಎರಡು ಮೂರು ನಿಮಿಷ ಬಿಟ್ಟರೆ ನನಗೂ ನೆಮ್ಮದಿ. ಆಮೇಲೆ ಮುಚ್ಚಿಟ್ಟು ಉಗುರು ಬೆಚ್ಚಗೆ ಆರಿಸಿ. ಕಾರಣ ಇದೆ. ನೇಗ್ಲೇರಿಯಾ ಅನ್ನುವ ಅಮೀಬಾ ಸಿಹಿನೀರಿನಲ್ಲಿ ಇರುತ್ತದೆ. ಕುಡಿದರೆ ಅದು ಏನೂ ಮಾಡುವುದಿಲ್ಲ. ಮೂಗಿಗೆ ಏರಿದರೆ ಅಲ್ಲಿಂದ ಮಿದುಳಿಗೆ ಹೋಗುತ್ತದೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನೇತಿ ಪಾತ್ರೆಗೆ ನಲ್ಲಿ ನೀರು ಬಳಸಿದ್ದ ಇಬ್ಬರು ಇದರಿಂದ ತೀರಿಕೊಂಡರು. ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಮಿದುಳಿನ ಅಮೀಬಾ ಸೋಂಕಿನ ಸುದ್ದಿ ನೀವೂ ಓದಿರುತ್ತೀರಿ. ಬಹಳ ಅಪರೂಪದ ಕಾಯಿಲೆ, ಆದರೆ ಬಂದರೆ ಉಳಿಯುವವರು ಕಡಿಮೆ. ಒಂದು ಪಾತ್ರೆ ನೀರು ಕುದಿಸುವುದರಿಂದ ಅದು ತಪ್ಪುತ್ತದೆ ಅಂದಮೇಲೆ ಕುದಿಸದೆ ಇರುವುದು ಯಾಕೆ?

ಮಾಡುವ ಕ್ರಮ ಹೀಗೆ. ಬಚ್ಚಲಲ್ಲೋ ಸಿಂಕಿನ ಮುಂದೆಯೋ ನಿಂತು ಮುಂದಕ್ಕೆ ಬಗ್ಗಿ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ. ಬಾಯಿ ತೆರೆದುಕೊಂಡು ಬಾಯಿಯಿಂದಲೇ ಉಸಿರಾಡುತ್ತಾ ಇರಿ. ಹೆದರಿದವರು ಬಾಯಿ ಮುಚ್ಚಿ ಉಸಿರು ಬಿಗಿಹಿಡಿಯುತ್ತಾರೆ, ಆಗಲೇ ನೀರು ಗಂಟಲಿಗೆ ಹೋಗುವುದು. ಮೇಲಿರುವ ಹೊಳ್ಳೆಗೆ ಪಾತ್ರೆಯ ಮೂತಿ ಆನಿಸಿ ನಿಧಾನಕ್ಕೆ ಬಿಡಿ. ಕೆಳಗಿನ ಹೊಳ್ಳೆಯಿಂದ ನೀರು ಇಳಿಯುತ್ತದೆ. ಮೊದಲ ಸಲ ಇದನ್ನು ನೋಡಿದವರ ಮುಖದಲ್ಲಿ ಬರುವ ಆಶ್ಚರ್ಯ ನನಗೆ ಯಾವಾಗಲೂ ಖುಷಿ ಕೊಡುತ್ತದೆ. ಅರ್ಧ ಪಾತ್ರೆ ಈ ಕಡೆ, ಅರ್ಧ ಆ ಕಡೆ. ಮುಗಿದ ಮೇಲೆ ಬಗ್ಗಿಕೊಂಡೇ ಒಂದು ನಿಮಿಷ ಇರಿ, ಉಳಿದದ್ದು ಸೋರಲಿ. ಆಮೇಲೆ ಹೊಳ್ಳೆ ಒತ್ತಿಹಿಡಿಯದೆ ಮೆಲ್ಲಗೆ ಸೀಟಿ. ಮಲಗುವುದಕ್ಕೆ ಒಂದು ಗಂಟೆ ಮುಂಚೆ ಮಾಡಿದರೆ ಒಳ್ಳೆಯದು. ಮಾಡಿದ ಕೂಡಲೇ ಮಲಗಿದರೆ ಒಳಗಿದ್ದ ನೀರು ಗಂಟಲಿಗೆ ಇಳಿದು ಕೆಮ್ಮು ಬರುತ್ತದೆ. ಎರಡೂ ಕಡೆ ಪೂರ್ತಿ ಕಟ್ಟಿ ನೀರು ಆಚೆ ಬರುತ್ತಲೇ ಇಲ್ಲ ಅಂದರೆ ಬಲವಂತ ಮಾಡಬೇಡಿ. ಕಿವಿ ನೋವಿದ್ದರೂ ಆ ದಿನ ಬೇಡ. ಪಾತ್ರೆಯನ್ನು ಸೋಪು ಹಾಕಿ ತೊಳೆದು, ಕುದಿಸಿದ ನೀರಿನಲ್ಲಿ ಜಾಲಿಸಿ ಬೋರಲು ಹಾಕಿ ಒಣಗಿಸಿ. ನೀರು ದಿನಾ ಹೊಸದು.

ನೇತಿ ಪಾತ್ರೆಯ ಧೈರ್ಯ ಇನ್ನೂ ಬಂದಿಲ್ಲ ಅಂದರೆ ಸೂಜಿ ಇಲ್ಲದ 10 ಎಂಎಲ್ ಸಿರಿಂಜಿನಲ್ಲಿ ಅದೇ ನೀರನ್ನು ಮೆಲ್ಲಗೆ ಬಿಟ್ಟು ಅಭ್ಯಾಸ ಮಾಡಿಕೊಳ್ಳಿ.

ಹಬೆಯ ಬಗ್ಗೆ ನನ್ನ ಮಾತು ನಿಮ್ಮತ್ತೆಗೆ ಬೇಸರ ತರಬಹುದು, ಆದರೂ ಹೇಳಬೇಕು. ದೊಡ್ಡವರಿಗೆ ಹಬೆ ಹಿತ ಕೊಡುತ್ತದೆ, ಗಟ್ಟಿ ಸಿಂಬಳ ಸಡಿಲ ಆಗುತ್ತದೆ. ಆ ಹಿತ ಸ್ವಲ್ಪ ಹೊತ್ತಿನದು. ನೆಗಡಿಗೆ ಬಿಸಿ ಹಬೆ ಕೊಟ್ಟು ನೋಡಿದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಖಚಿತವಾದ ಲಾಭ ಕಂಡಿಲ್ಲ. ನಿಮಗೆ ಇಷ್ಟವಿದ್ದರೆ ತಗೊಳ್ಳಿ, ಐದು ನಿಮಿಷ, ಪಾತ್ರೆಯನ್ನು ಅಲುಗಾಡದ ಮೇಜಿನ ಮೇಲಿಟ್ಟು. ಹಾಸಿಗೆ ಮೇಲೆ, ತೊಡೆ ಮೇಲೆ ಬೇಡ. ಮಗುವಿಗೆ ಮಾತ್ರ ಬೇಡವೇ ಬೇಡ.

ಇಷ್ಟು ಖಡಕ್ಕಾಗಿ ಯಾಕೆ ಹೇಳುತ್ತೇನೆ ಅಂದರೆ, ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಂದು ರಾತ್ರಿ ನಾಲ್ಕು ವರ್ಷದ ಹುಡುಗಿಯನ್ನು ಎತ್ತಿಕೊಂಡು ಬಂದಿದ್ದರು. ಅಜ್ಜಿ ಮಡಿಲಲ್ಲಿ ಕೂರಿಸಿಕೊಂಡು ಕಂಬಳಿ ಹೊದಿಸಿ ಹಬೆ ಕೊಡುತ್ತಿದ್ದರಂತೆ. ಕಂಬಳಿಯೊಳಗೆ ಉಸಿರುಕಟ್ಟಿ ಮಗು ಕಾಲು ಒದರಿದೆ, ಪಾತ್ರೆ ಮಗುಚಿದೆ. ಎರಡೂ ತೊಡೆ ಬೆಂದಿತ್ತು. ಅಜ್ಜಿಯ ಕೈಯೂ ಬೆಂದಿತ್ತು, ಅವರು ಅದನ್ನು ಯಾರಿಗೂ ತೋರಿಸದೆ ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದರು. ಪ್ರೀತಿಯಿಂದ ಮಾಡಿದ್ದೇ ಅದು. ಯಾರ ಮನೆಯಲ್ಲೂ ಹೀಗಾಗದಿರಲಿ. ಎಲ್ಲಾದರೂ ಬಿಸಿನೀರು ಬಿದ್ದರೆ ತಕ್ಷಣ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಆಮೇಲೆ ಆಸ್ಪತ್ರೆಗೆ ಹೋಗಿ. ಟೂತ್‌ಪೇಸ್ಟ್, ಅರಿಶಿನ, ಐಸು ಯಾವುದೂ ಬೇಡ.

ಕರ್ಪೂರದ್ದು ಇದಕ್ಕಿಂತ ದೊಡ್ಡ ಅಪಾಯ. ಪೂಜೆಯ ಕರ್ಪೂರ ಸಣ್ಣ ಮಗುವಿನ ಹೊಟ್ಟೆಗೆ ಒಂದಿಷ್ಟು ಹೋದರೂ ಫಿಟ್ಸ್ ಬರಬಹುದು. ಚರ್ಮದಿಂದಲೂ, ಮೂಗಿನ ಒಳಚರ್ಮದಿಂದಲೂ ಅದು ಮೈಗೆ ಸೇರುತ್ತದೆ. ಎದೆಗೆ ಹಚ್ಚಿದ ಎಣ್ಣೆಯನ್ನು ಮಗು ಕೈಯಲ್ಲಿ ಸವರಿ ಬಾಯಿಗಿಡುತ್ತದೆ, ಅಲ್ವಾ? ಡಬ್ಬಿಯಲ್ಲಿ ಬರುವ ಉಜ್ಜುವ ಮುಲಾಮುಗಳಲ್ಲೂ ಕರ್ಪೂರ ಇರುತ್ತದೆ. ಅವು ಎರಡು ವರ್ಷದ ಒಳಗಿನವರಿಗೆ ಬೇಡ. ದೊಡ್ಡ ಮಕ್ಕಳಿಗೂ ಮೂಗಿಗೆ, ಮೂಗಿನ ಕೆಳಗೆ ಹಚ್ಚಬಾರದು. ನೀಲಗಿರಿ ಎಣ್ಣೆಯೂ ಹಾಗೆಯೇ. ಅದರ ಹಬೆ ತೆಗೆದುಕೊಂಡ ಮೇಲೆ ಫಿಟ್ಸ್ ಬಂದವರ ಬಗ್ಗೆ ಬೆಂಗಳೂರಿನ ನರರೋಗ ತಜ್ಞರು 2017ರಲ್ಲೇ ಬರೆದಿದ್ದಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ ಆ ಎಣ್ಣೆ ಮನೆಗೇ ಬೇಡ.

ಮುಲಾಮು ಹಚ್ಚಿದರೆ ಮೂಗು ಬಿಟ್ಟ ಹಾಗೆ ಆಗುತ್ತಲ್ಲ ಅಂತ ಕೇಳುತ್ತೀರಿ. ಅದರಲ್ಲಿರುವ ಮೆಂಥಾಲ್ ಮೂಗಿನೊಳಗೆ ತಂಪನ್ನು ಗುರುತಿಸುವ ನರಗಳನ್ನು ಎಬ್ಬಿಸುತ್ತದೆ. ತಣ್ಣನೆ ಗಾಳಿ ಧಾರಾಳವಾಗಿ ಹೋಗುತ್ತಿದೆ ಅಂತ ಮಿದುಳು ತಿಳಿಯುತ್ತದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ರಾನ್ ಎಕ್ಲೆಸ್ ಅವರು ಬಹಳ ವರ್ಷ ನೆಗಡಿಯನ್ನೇ ಅಧ್ಯಯನ ಮಾಡಿದವರು. ಅವರು ಅಳೆದು ನೋಡಿದಾಗ ಮೂಗಿನ ದಾರಿ ಎಷ್ಟಿತ್ತೋ ಅಷ್ಟೇ ಇತ್ತು. ಆದರೂ ದೊಡ್ಡವರಿಗೆ ಆ ಹಿತ ಸುಳ್ಳಲ್ಲ, ಹಚ್ಚಿಕೊಂಡರೆ ನಿದ್ದೆ ಬರುತ್ತದೆ ಅಂದರೆ ಎದೆಗೆ, ಕತ್ತಿಗೆ ಹಚ್ಚಿಕೊಳ್ಳಿ.

ಮಗುವಿಗೆ ಏನು ಮಾಡಬೇಕು? ಮೆಡಿಕಲ್ ಶಾಪಿನಲ್ಲಿ ಉಪ್ಪುನೀರಿನ ಹನಿ ಸಿಗುತ್ತದೆ, ಸಲೈನ್ ಡ್ರಾಪ್ಸ್ ಅಂತ ಕೇಳಿ. ಊಟಕ್ಕೆ ಮುಂಚೆ, ಮಲಗುವ ಮುಂಚೆ ಒಂದೊಂದು ಹೊಳ್ಳೆಗೆ ಎರಡು ಮೂರು ಹನಿ. ಎರಡು ನಿಮಿಷ ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ನಿಮ್ಮ ಹನಿ ಬಾಟಲಿಯನ್ನು ಅವನಿಗೆ ಹಾಕಲೇಬೇಡಿ, ಕೈಗೆ ಸಿಗದ ಕಡೆ ಇಡಿ. ಅದು ಮಕ್ಕಳ ಹೊಟ್ಟೆಗೆ ಹೋದರೆ ವಿಪರೀತ ಮಂಪರು ಬರುತ್ತದೆ, ಉಸಿರಾಟವೂ ಇಳಿಯುತ್ತದೆ. ಕೆಮ್ಮು ಇದ್ದರೆ ರಾತ್ರಿ ಅರ್ಧ ಚಮಚ ಜೇನುತುಪ್ಪ ಕೊಡಬಹುದು. ಒಂದು ವರ್ಷ ದಾಟಿದವರಿಗೆ ಮಾತ್ರ ಇದು.

ಸಿರಪ್ಪಿನ ಆಸೆ ಬಿಡಿ. ನೆಗಡಿ ಸಿರಪ್ಪುಗಳಲ್ಲಿ ಸಾಮಾನ್ಯವಾಗಿ ಕ್ಲೋರ್‌ಫೆನಿರಮಿನ್, ಫಿನೈಲ್ಎಫ್ರಿನ್ ಜೋಡಿ ಇರುತ್ತದೆ. ನಾಲ್ಕು ವರ್ಷದ ಒಳಗಿನವರಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಬರೆಯಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ಹೇಳಿದ್ದಾರೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆಯ ಸಲಹಾ ಸಮಿತಿ ಇನ್ನೊಂದು ಮಾತು ಹೇಳಿತು. ಫಿನೈಲ್ಎಫ್ರಿನ್ ಅನ್ನು ಬಾಯಿಂದ ನುಂಗಿದರೆ ಕಟ್ಟಿದ ಮೂಗಿಗೆ ಏನೂ ಉಪಯೋಗವಿಲ್ಲ ಅಂತ ಸಮಿತಿಯವರೆಲ್ಲ ಒಮ್ಮತದಿಂದ ಹೇಳಿದರು. ದೊಡ್ಡವರ ನೆಗಡಿ ಮಾತ್ರೆಗಳಿಗೂ ಇದು ಅನ್ವಯಿಸುತ್ತದೆ. ಆ ಮಾತ್ರೆ ತಗೊಂಡು ಹಿತ ಅನಿಸಿದ್ದರೆ ಅದರಲ್ಲಿದ್ದ ಪ್ಯಾರಸಿಟಮಾಲ್‌ನಿಂದ ತಲೆನೋವು ಇಳಿದಿರುತ್ತದೆ ಅಷ್ಟೇ.

ಊರ ಕಡೆ ಬಾಣಂತನದಲ್ಲಿ ಕೂಸಿನ ಮೂಗಿಗೆ ಎಣ್ಣೆ ಬಿಡುವುದು, ಬಾಯಿಟ್ಟು ಊದುವುದು, ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ ಹಾಕುವುದು ಇನ್ನೂ ಇದೆ. ನೀವು ಕೇಳಿಲ್ಲ, ಆದರೂ ಈ ಸಂದರ್ಭದಲ್ಲಿ ಹೇಳಿಬಿಡುತ್ತೇನೆ. ಎಣ್ಣೆ ಮೂಗಿನಿಂದ ಶ್ವಾಸಕೋಶಕ್ಕೆ ಇಳಿದರೆ ಒಂಥರಾ ನ್ಯುಮೋನಿಯಾ ಆಗುತ್ತದೆ. ಹೊಗೆ ಕೂಸಿನ ಮೂಗನ್ನು ಊದಿಸುತ್ತದೆ. ಮೊದಲ ತಿಂಗಳುಗಳಲ್ಲಿ ಕೂಸು ಬಹುಪಾಲು ಮೂಗಿನಿಂದಲೇ ಉಸಿರಾಡುವುದು. ಮೂಗು ಕಟ್ಟಿದರೆ ಹಾಲು ಕುಡಿಯಲಾಗದೆ ಅಳುತ್ತದೆ. ಎಣ್ಣೆ ಸ್ನಾನ ಧಾರಾಳವಾಗಿ ಮಾಡಿಸಿ, ಮೂಗು ಕಿವಿ ಬಿಟ್ಟು.

ಹೊಗೆಯ ಮಾತು ಬಂತು. ಸೊಳ್ಳೆ ಬತ್ತಿ ಹಚ್ಚಿ ಕಿಟಕಿ ಹಾಕಿ ಮಲಗುತ್ತೇವೆ ಅಂತ ಬರೆದಿದ್ದೀರಿ. ರಾತ್ರಿಯೇ ಮೂಗು ಕಟ್ಟುವುದಕ್ಕೆ, ಮಗನ ನೆಗಡಿ ಎಳೆಯುವುದಕ್ಕೆ ಅದರ ಪಾಲು ದೊಡ್ಡದಿದೆ ಅಂತ ನನಗೆ ಅನಿಸುತ್ತದೆ. ಎಂಟು ಗಂಟೆ ಆ ಹೊಗೆಯನ್ನೇ ಉಸಿರಾಡುತ್ತಿದ್ದೀರಿ. ಇವತ್ತೇ ನಿಲ್ಲಿಸಿ ಸೊಳ್ಳೆ ಪರದೆ ಕಟ್ಟಿ, ಕಿಟಕಿ ಸ್ವಲ್ಪ ತೆರೆದಿಡಿ. ದೇವರ ಮನೆಯ ಊದುಬತ್ತಿ ಮಲಗುವ ಕೋಣೆಗೆ ಬರುತ್ತಿದ್ದರೆ ಬಾಗಿಲು ಎಳೆದುಕೊಳ್ಳಿ. ದಿಂಬಿನ ಕವರು, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ, ಸಾಧ್ಯವಾದರೆ 60 ಡಿಗ್ರಿಯಲ್ಲಿ ಒಗೆಯಿರಿ. ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗಳು ಬಹಳ ಜನರಿಗೆ ಅಲರ್ಜಿ ತರುತ್ತವೆ. ಫ್ಯಾನಿನ ರೆಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆ ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟು ನಿಂತಿದೆಯಾ ನೋಡಿ. ಅದರ ಪರಾಗ ನಮ್ಮ ಕಡೆ ಮೂಗಿನ ಅಲರ್ಜಿಗೆ ಗೊತ್ತಿರುವ ಕಾರಣ. ಬೆಳಿಗ್ಗೆ ಎದ್ದ ಕೂಡಲೇ ಸಾಲುಸಾಲು ಸೀನು, ಕಣ್ಣು ಮೂಗು ತುರಿಕೆ, ತಿಳಿನೀರಿನಂಥ ಸಿಂಬಳ ಇದ್ದರೆ ಅಲರ್ಜಿ ಇರಬಹುದು. ವೈದ್ಯರಿಗೆ ಅದನ್ನು ಮರೆಯದೆ ಹೇಳಿ.

ಮಲಗುವಾಗ ತಲೆ ಎತ್ತರದಲ್ಲಿರಲಿ. ಕತ್ತು ಮಡಚುವ ಹಾಗೆ ದಿಂಬಿನ ಮೇಲೆ ದಿಂಬು ಬೇಡ, ಬೆನ್ನಿನ ಮೇಲ್ಭಾಗವೂ ಏರುವಂತೆ ಹಾಸಿಗೆಯ ಕೆಳಗೆ ಮಡಚಿದ ಕಂಬಳಿ ಇಡಿ. ಹನಿ ನಿಲ್ಲಿಸುವ ವಾರಗಳಲ್ಲಿ ಇದು ತುಂಬಾ ಉಪಕಾರಿ. ಹೊಳ್ಳೆಯನ್ನು ಹೊರಗಿನಿಂದ ಅಗಲಿಸುವ ಪಟ್ಟಿಗಳೂ ಸಿಗುತ್ತವೆ, ಬೇಕಾದರೆ ಬಳಸಿ.

ಊಟದ ವಿಷಯದಲ್ಲಿ ನಿಮ್ಮತ್ತೆಯ ಜೊತೆ ನಾನೂ ಇದ್ದೇನೆ. ಮೆಣಸಿನ ಸಾರು, ಹುರುಳಿ ಕಟ್ಟಿನ ಸಾರು, ಶುಂಠಿ ಜೀರಿಗೆ ಕಷಾಯ ಎಲ್ಲ ಬಿಸಿಬಿಸಿ ಕುಡಿಯಿರಿ. 1978ರಲ್ಲಿ ಅಮೆರಿಕದ ವೈದ್ಯರು ತಣ್ಣೀರು, ಬಿಸಿನೀರು, ಕೋಳಿ ಸೂಪು ಮೂರನ್ನೂ ಕೊಟ್ಟು ಮೂಗಿನ ಸಿಂಬಳ ಹರಿಯುವ ವೇಗ ಅಳೆದಿದ್ದರು. ಬಿಸಿಯದು ವೇಗ ಹೆಚ್ಚಿಸಿತು, ತಣ್ಣೀರು ಇಳಿಸಿತು. ಕಾರ್ಡಿಫ್‌ನವರು 2008ರಲ್ಲಿ ಬಿಸಿ ಹಣ್ಣಿನ ಪಾನಕ ಕೊಟ್ಟು ನೋಡಿದರು. ಮೂಗಿನ ದಾರಿ ಅಗಲವಾಗಲಿಲ್ಲ, ಆದರೆ ಸೋರುವ ಮೂಗು, ಸೀನು, ಕೆಮ್ಮು, ಗಂಟಲು ನೋವು, ಸುಸ್ತು ಎಲ್ಲ ಕಡಿಮೆ ಅನಿಸಿತು. ಬಾಳೆಹಣ್ಣು, ಮೊಸರು ಶೀತ ಅಂತ ಮಗುವಿಗೆ ನಿಲ್ಲಿಸುತ್ತಾರೆ. ಅವುಗಳಿಂದ ನೆಗಡಿ ಬರುವುದಿಲ್ಲ. ಮಗು ಅದನ್ನೇ ಕೇಳಿ ತಿನ್ನುತ್ತಿದ್ದರೆ ಕೊಡಿ. ಮನೆಯಲ್ಲಿ ಜಗಳ ಆಗುವುದಾದರೆ ನಾಲ್ಕು ದಿನ ಬಿಟ್ಟರೂ ನಷ್ಟವಿಲ್ಲ, ಹೊಟ್ಟೆ ತುಂಬ ಬೇರೆ ತಿನ್ನಲಿ.

ಸಿಂಬಳ ಹಸಿರಾಯಿತು ಅಂತ ಆಂಟಿಬಯೋಟಿಕ್ ಶುರು ಮಾಡಬೇಡಿ. ವೈರಸ್ ನೆಗಡಿಯಲ್ಲೂ ಮೂರನೆಯ ನಾಲ್ಕನೆಯ ದಿನಕ್ಕೆ ಬಣ್ಣ ತಿರುಗುತ್ತದೆ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳಿಂದ ಬರುವ ಬಣ್ಣ ಅದು. ಹತ್ತು ದಿನ ದಾಟಿದರೂ ಒಂಚೂರೂ ಇಳಿಯದಿದ್ದರೆ, ಇಲ್ಲವೇ ಕಡಿಮೆಯಾಗಿ ಮತ್ತೆ ಜ್ವರ, ಕೆನ್ನೆ ನೋವು ಏರಿದರೆ ಆಗ ತೋರಿಸಿ.

ಮಗನನ್ನು ಯಾವಾಗ ಕರೆದುಕೊಂಡು ಓಡಬೇಕು ಅನ್ನುವುದು ಗೊತ್ತಿರಲಿ. ಮಲಗಿದ್ದಾಗ ಅಂಗಿ ಎತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಅವನ ವಯಸ್ಸಿಗೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಉಸಿರು ಎಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ನೀರು ಕೂಡ ಕುಡಿಯದೆ ಮಂಕಾಗಿ ಮಲಗಿದರೆ ಬೆಳಗಾಗಲಿ ಅಂತ ಕಾಯಬೇಡಿ. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಏನೋ ತುರುಕಿಕೊಂಡಿದ್ದಾನೆ ಅಂತಲೇ ತಿಳಿಯಿರಿ. ಕಡಲೆಬೀಜ, ಹುಣಸೆಬೀಜ, ಪೆನ್ಸಿಲ್ ರಬ್ಬರು ಎಲ್ಲ ನಾನು ತೆಗೆದಿದ್ದೇನೆ. ಆಟಿಕೆಯ ಬಟನ್ ಬ್ಯಾಟರಿಯಾದರೆ ಕೆಲವೇ ಗಂಟೆಗಳಲ್ಲಿ ಒಳಗೆ ಸುಟ್ಟುಹಾಕುತ್ತದೆ, ಮನೆಯಲ್ಲಿ ಕೀಳಲು ಹೋಗದೆ ತಕ್ಷಣ ಹೊರಡಿ. ನೆಗಡಿ ಇಲ್ಲದಾಗಲೂ ತಿಂಗಳುಗಟ್ಟಲೆ ಬಾಯಿ ತೆರೆದು, ಗೊರಕೆ ಹೊಡೆದು ಮಲಗುತ್ತಿದ್ದರೆ ಮೂಗಿನ ಹಿಂದಿರುವ ಅಡಿನಾಯ್ಡ್ ಅನ್ನುವ ಮಾಂಸದ ಗಂಟು ಬೆಳೆದಿರಬಹುದು. ಅದನ್ನು ಪರೀಕ್ಷೆ ಮಾಡಿಸಬೇಕು.

ದೊಡ್ಡವರಲ್ಲಿ ಒಂದೇ ಕಡೆ ಕಟ್ಟಿ ಬಿಡದೇ ಇರುವುದು, ಆ ಕಡೆಯಿಂದ ರಕ್ತ, ಕಣ್ಣಿನ ಸುತ್ತ ಊತ, ಎರಡೆರಡು ಕಾಣುವುದು ಇವಕ್ಕೆ ಮನೆಮದ್ದು ಬೇಡ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದು ಅವರಿಗೆ ಮುಖದ ಒಂದು ಪಕ್ಕ ನೋವು, ಮೂಗಿನಿಂದ ಕಪ್ಪು ಹಕ್ಕಳೆ ಬಂದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. 2021ರಲ್ಲಿ ಕಪ್ಪು ಶಿಲೀಂಧ್ರ ಎಷ್ಟು ಮನೆಗಳನ್ನು ಕಾಡಿತು ಅಂತ ನೆನಪಿದೆಯಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಹನಿ ನಿಲ್ಲಿಸಿ ಮೂರು ವಾರವಾದರೂ ಮೂಗು ಬಿಡದಿದ್ದರೆ ನಡುಗೋಡೆ ಸೊಟ್ಟಗಿದೆಯಾ, ಪಾಲಿಪ್ ಗಡ್ಡೆ ಇದೆಯಾ ಅಂತ ದುರ್ಬೀನು ಹಾಕಿ ನೋಡಬೇಕಾಗುತ್ತದೆ. ಐದು ನಿಮಿಷದ ಪರೀಕ್ಷೆ, ಅಷ್ಟೇನೂ ನೋವಿಲ್ಲ. ಬಿಪಿ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಗರ್ಭಿಣಿಯರಿಗೆ ಬೇರೆ ಯಾವ ಕಾರಣ ಇಲ್ಲದೆಯೂ ಮೂಗು ಕಟ್ಟುತ್ತದೆ. ವೈದ್ಯರ ಹತ್ತಿರ ಹೋಗುವ ಮುಂಚೆಯೇ ಮೂಗಿನ ಸ್ಕ್ಯಾನ್ ಮಾಡಿಸಿಕೊಳ್ಳುವ ಅಗತ್ಯ ಇಲ್ಲ. ದಿಂಬಿನ ಪಕ್ಕದ ಆ ಬಾಟಲಿಯನ್ನು ಮಾತ್ರ ಮರೆಯದೆ ತಗೊಂಡು ಹೋಗಿ, ಎರಡು ತಿಂಗಳಲ್ಲಿ ಎಷ್ಟು ಬಾಟಲಿ ಖಾಲಿಯಾಯಿತು ಅನ್ನುವುದನ್ನೂ ವೈದ್ಯರಿಗೆ ಸಂಕೋಚ ಇಲ್ಲದೆ ಹೇಳಿ.